ಸ್ಕ್ರಾಲ್ ಆಗದ ಲಿಸ್ಟು, ಸಿಗದ ಹಾಲ್ ಟಿಕೆಟ್ಟು

ಪರೀಕ್ಷೆಯ ಹಿಂದಿನ ರಾತ್ರಿ ಹನ್ನೊಂದೂವರೆಗೆ ಒಬ್ಬ ಜೂನಿಯರ್ ನಮ್ಮ ರೂಮಿನ ಬಾಗಿಲು ತಟ್ಟಿದ. "ಅಣ್ಣಾ, ನನ್ನ ಹಾಲ್ ಟಿಕೆಟ್ ಸಿಕ್ಕಿದೆ ಅಂತ ಯಾರೋ ನಿಮ್ಮ ಆ್ಯಪ್‌ನಲ್ಲಿ ಫೋಟೋ ಹಾಕಿದ್ದಾರಂತೆ. ನೋಡೋಣ ಅಂದ್ರೆ, ಸ್ವಲ್ಪ ಕೆಳಗೆ ಹೋಗೋಷ್ಟರಲ್ಲಿ ಆ್ಯಪೇ ಕ್ಲೋಸ್ ಆಗುತ್ತೆ."

ಹಾಸ್ಟೆಲ್‌ನಲ್ಲಿ ಕಳೆದುಹೋದ ವಸ್ತುಗಳಿಗಾಗಿ ನಾವು ನಾಲ್ಕು ಜನ ಫ್ಲಟರ್‌ನಲ್ಲಿ ಮಾಡಿದ ಮಿನಿ ಪ್ರಾಜೆಕ್ಟ್ ಅದು. ಮಾರ್ಕ್ಸೂ ಚೆನ್ನಾಗೇ ಬಂದಿತ್ತು. ಡೆಮೊ ದಿನ ಲಿಸ್ಟಿನಲ್ಲಿ ಇದ್ದದ್ದು ಹನ್ನೆರಡು ವಸ್ತು, ತೋರಿಸಿದ್ದು ನಮ್ಮೊಳಗೆ ಅತಿ ದುಬಾರಿ ಫೋನ್ ಇರುವವನ ಫೋನಿನಲ್ಲಿ. ಆ ರಾತ್ರಿ ಲಿಸ್ಟಿನಲ್ಲಿ ಮುನ್ನೂರಕ್ಕೂ ಹೆಚ್ಚು ವಸ್ತುಗಳಿದ್ದವು. ಹುಡುಗನ ಕೈಯಲ್ಲಿದ್ದದ್ದು 3 ಜಿಬಿ ರ‍್ಯಾಮ್‌ನ ಹಳೇ ಫೋನು. ಸರ್ಚ್ ಬಾಕ್ಸನ್ನು ನಾವು "ಮುಂದಿನ ವರ್ಷನ್"ಗೆ ಬಿಟ್ಟಿದ್ವಿ, ಎಲ್ಲರ ಹಾಗೆ.

"ನಿನ್ನ ಫೋನು ಹಳೇದು ಕಣೋ" ಅಂದೆ. ಅದು ನಾನು ಹೇಳಿದ ಸುಳ್ಳು. ನನ್ನ ಫೋನಲ್ಲೂ ಲಿಸ್ಟು ತಡವರಿಸುತ್ತಿತ್ತು, ಫೋನು ಬಿಸಿಯಾಗುತ್ತಿತ್ತು.

ತಪ್ಪು ಎಲ್ಲಿತ್ತು ಅಂತ ಹೇಳ್ತೀನಿ, ಯಾಕಂದ್ರೆ ನಿಮ್ಮಲ್ಲೂ ಹಲವರ ಕೋಡಿನಲ್ಲಿ ಇದೇ ಇರುತ್ತೆ. ಮೇಲೊಂದು ಬ್ಯಾನರ್, ಕೆಳಗೆ ಲಿಸ್ಟು, ಎರಡೂ ಒಟ್ಟಿಗೆ ಸ್ಕ್ರಾಲ್ ಆಗಬೇಕಿತ್ತು. ಒಂದು ಸ್ಕ್ರಾಲ್ ವ್ಯೂ ಒಳಗೆ ಲಿಸ್ಟ್ ವ್ಯೂ ತುರುಕಿದ್ವಿ. ಲಿಸ್ಟಿನ ಎತ್ತರಕ್ಕೆ ಮಿತಿಯೇ ಇಲ್ಲ ಅಂತ ಎರರ್ ಬಂತು. ಹುಡುಕಿದಾಗ ಸಿಕ್ಕ ಒಂದು ಸಾಲು, ಶ್ರಿಂಕ್‌ರ‍್ಯಾಪ್ ಟ್ರೂ, ಪೇಸ್ಟ್ ಮಾಡಿದ್ವಿ. ಒಳಗಿನ ಸ್ಕ್ರಾಲು ಹೊರಗಿನದರ ಜೊತೆ ಜಗಳವಾಡಿದಾಗ ಒಳಗಿನದನ್ನು ಆಫ್ ಮಾಡಿದ್ವಿ. ಎರರ್ ಹೋಯ್ತು. ಕಮಿಟ್ ಮೆಸೇಜ್: "ಸ್ಕ್ರಾಲಿಂಗ್ ಫಿಕ್ಸ್ಡ್".

ಮದುವೆ ಊಟ ನೆನಪಿಸಿಕೊಳ್ಳಿ. ಸಾವಿರ ಜನ ಬಂದರೂ ಒಂದು ಪಂಕ್ತಿಗೆ ಹಿಡಿಯುವಷ್ಟೇ ಎಲೆ ಹಾಕ್ತಾರೆ. ಲಿಸ್ಟ್ ವ್ಯೂ ಬಿಲ್ಡರ್ ಮಾಡೋದೂ ಅದನ್ನೇ: ಸ್ಕ್ರೀನಿನಲ್ಲಿ ಕಾಣುವ ಸಾಲುಗಳು, ಆಚೆಈಚೆ ಇನ್ನೊಂದೆರಡು, ಅಷ್ಟನ್ನೇ ಕಟ್ಟುತ್ತೆ. ನಾವು ಹಾಕಿದ ಸಾಲು ಅಷ್ಟೂ ಜನಕ್ಕೆ ಒಂದೇ ಸಲ, ರಸ್ತೆವರೆಗೂ ಎಲೆ ಹಾಕಿಸಿತು. ಲಿಸ್ಟಿನ ಪೂರ್ತಿ ಎತ್ತರ ಗೊತ್ತಾಗಬೇಕಾದ್ರೆ ಮುನ್ನೂರೂ ಸಾಲುಗಳನ್ನು ಕಟ್ಟಲೇಬೇಕಲ್ಲ! ಪ್ರತಿ ಸಾಲಿಗೊಂದು ಫೋಟೋ ಬೇರೆ. 12 ಮೆಗಾಪಿಕ್ಸೆಲ್ ಫೋಟೋ ಫೈಲಾಗಿ ಎರಡು ಮೂರು ಎಂಬಿ ಇರಬಹುದು. ಆದರೆ ತೋರಿಸುವಾಗ ಪಿಕ್ಸೆಲ್‌ಗೆ 4 ಬೈಟ್ ಲೆಕ್ಕದಲ್ಲಿ ಮೆಮೊರಿಯಲ್ಲಿ 48 ಎಂಬಿ ತಿನ್ನುತ್ತೆ. ಅಂಥವು ಐವತ್ತಾದರೆ 2.4 ಜಿಬಿ. ಪಾಪ, ಆ 3 ಜಿಬಿ ಫೋನು ಇನ್ನೇನು ಮಾಡೀತು?

ಆ ಸಾಲನ್ನು ಬರೆದವನ ತಪ್ಪೂ ಇಲ್ಲ. ಐದಾರು ಐಟಂ ಇರುವ ಲಿಸ್ಟಿಗೆ ಅದು ಸರಿಯಾದ ಉತ್ತರವೇ. ಎರರ್ ಯಾಕೆ ಬಂತು ಅಂತ ಕೇಳದೆ, ಎರರ್ ಹೋದದ್ದನ್ನೇ ಪರಿಹಾರ ಅಂದುಕೊಂಡವರು ನಾವು. ಸರಿಮಾಡೋಕೆ ಒಂದು ಸಂಜೆ ಸಾಕಾಯ್ತು: ಎರಡು ಸ್ಕ್ರಾಲ್ ತೆಗೆದು ಒಂದೇ ಕಸ್ಟಮ್ ಸ್ಕ್ರಾಲ್ ವ್ಯೂ, ಅದರೊಳಗೆ ಬ್ಯಾನರ್ ಮತ್ತು ಸ್ಲಿವರ್ ಲಿಸ್ಟ್, ಫೋಟೋಗೆ ಕ್ಯಾಶ್‌ವಿಡ್ತ್ ಕೊಟ್ಟು ಸಣ್ಣದಾಗಿ ಡಿಕೋಡ್ ಮಾಡಿಸಿದ್ದು.

ನಮ್ಮ ಡೆಮೊ ಪದ್ಧತಿಯ ಮೇಲೂ ನನಗೆ ತಕರಾರಿದೆ. ಯಾರೂ ಎರಡು ಸ್ಕ್ರೀನಿಗಿಂತ ಕೆಳಗೆ ಸ್ಕ್ರಾಲ್ ಮಾಡಿ ನೋಡಲ್ಲ. "ಇನ್ನೇನು ಫೀಚರ್ ಇದೆ?" ಅಂತ ಕೇಳ್ತಾರೆ, ನಾವೂ ಡಾರ್ಕ್ ಮೋಡ್ ತೋರಿಸ್ತೀವಿ. ಇನ್ನುಮೇಲೆ ಡೆಮೊ ಅಂದ್ರೆ ಟೀಮಿನ ಅತಿ ಅಗ್ಗದ ಫೋನು, ಒಂದು ಲೂಪಿನಲ್ಲಿ ತುಂಬಿಸಿದ 500 ಎಂಟ್ರಿ, ಡೀಬಗ್ ಬಿಟ್ಟು ಪ್ರೊಫೈಲ್ ಮೋಡ್ ಅಂತ ನಿಯಮವಾಗಲಿ. 60 ಹರ್ಟ್ಸ್ ಸ್ಕ್ರೀನಿನಲ್ಲಿ ಒಂದು ಫ್ರೇಮಿಗೆ ಸಿಗೋದು ಸುಮಾರು 16 ಮಿಲಿಸೆಕೆಂಡ್. ಮೀರಿದ್ರೆ ಗ್ರಾಫಿನಲ್ಲಿ ಕೆಂಪು ಗೀಟು ಎಲ್ಲರಿಗೂ ಕಾಣುತ್ತೆ. "ಮಿನಿ ಪ್ರಾಜೆಕ್ಟ್ ತಾನೇ, ಇಷ್ಟೆಲ್ಲ ಯಾಕೆ?" ಅನ್ನೋರಿಗೆ ಆ ಹುಡುಗನ ಮುಖ ತೋರಿಸಬೇಕಿತ್ತು.

ಹಾಲ್ ಟಿಕೆಟ್ ಸಿಕ್ಕಿತು. ಆ್ಯಪ್‌ನಿಂದಲ್ಲ, ಲ್ಯಾಪ್‌ಟಾಪಿನಲ್ಲಿ ಡೇಟಾಬೇಸ್ ತೆಗೆದು, ರೂಮ್ ನಂಬರ್ ನೋಡಿ, ಇನ್ನೊಂದು ಬ್ಲಾಕಿನಲ್ಲಿ ಮಲಗಿದ್ದವನನ್ನು ಎಬ್ಬಿಸಿ ಬೈಸಿಕೊಂಡು ತಂದ್ವಿ. ಈ ಸೆಮ್ ನಮ್ಮ ಡೆಮೊ ಆ ಜೂನಿಯರ್ ಫೋನಿನಲ್ಲೇ. ಸ್ಕ್ರೀನಿನ ಒಂದು ಮೂಲೆ ಒಡೆದಿದೆ, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ.