‘ಬ್ಯಾಕ್ ಎಷ್ಟು?’ ಎಂದಷ್ಟೇ ಕೇಳಿದರೆ ಸಾಲದು

ಫಲಿತಾಂಶದ ದಿನಗಳಲ್ಲಿ ಪತ್ರಿಕೆ ಬಿಡಿಸಲು ಭಯವಾಗುತ್ತದೆ. ರ‍್ಯಾಂಕ್ ಪಡೆದವರ ನಗುಮುಖಗಳ ಪಕ್ಕದಲ್ಲೇ ಎಲ್ಲೋ ಒಬ್ಬ ವಿದ್ಯಾರ್ಥಿ ಜೀವ ಕಳೆದುಕೊಂಡ ಸುದ್ದಿ ಇರುತ್ತದೆ. ‘ಫೇಲಾಗಿದ್ದಕ್ಕಂತೆ’ ಎಂದು ಹೇಳಿ ನಾವು ಪುಟ ತಿರುವುತ್ತೇವೆ. ಕಾರಣ ಅಷ್ಟು ಸರಳವೇ?

ದೇಶದಲ್ಲಿ 2022ರಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡರು. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ನೀಡಿದ ತೀರ್ಪಿನಲ್ಲಿ ಈ ಅಂಕಿಅಂಶವಿದೆ. ಅದರಲ್ಲಿ ಪರೀಕ್ಷೆಯ ಸೋಲೇ ನೇರ ಕಾರಣವೆಂದು ಹೇಳಿರುವುದು 2,248 ಸಾವುಗಳಿಗೆ ಮಾತ್ರ. ಖಿನ್ನತೆ, ಮನೆಯ ಜಗಳ, ಸಾಲ, ರ‍್ಯಾಗಿಂಗ್, ಜಾತಿಯ ಅವಮಾನ, ವ್ಯಸನ, ಒಂಟಿತನ ಇವೂ ಜೀವ ಹಿಂಡುತ್ತವೆ. ಹೆಚ್ಚಾಗಿ ಒಂದಲ್ಲ, ಹಲವು ಒಟ್ಟಿಗೇ ಸೇರಿರುತ್ತವೆ. ಅಂಕಪಟ್ಟಿ ಕಣ್ಣಿಗೆ ಕಾಣುತ್ತದೆ, ಉಳಿದವು ಕಾಣುವುದಿಲ್ಲ.

ಕನ್ನಡ ಮಾಧ್ಯಮದಿಂದ ಬಂದು ಮೊದಲ ಸೆಮಿಸ್ಟರ್‌ನಲ್ಲೇ ಗಣಿತ ಬ್ಯಾಕ್ ಉಳಿಸಿಕೊಂಡವರು ನನ್ನ ಬಿಇ ತರಗತಿಯಲ್ಲೂ ಇದ್ದಾರೆ. ದಿನವೂ ಅಮ್ಮನಿಗೆ ಫೋನ್ ಮಾಡುವವರು, ಸೀನಿಯರ್ ರೂಮಿಗೆ ಹೋಗಿ ಲೆಕ್ಕ ಹೇಳಿಸಿಕೊಳ್ಳುವವರು, ಸಂಜೆ ವಾಲಿಬಾಲ್ ಆಡುವವರು ಗೆಲುವಾಗಿದ್ದಾರೆ. ಮೆಸ್ಸಿಗೂ ಬಾರದೆ ರೂಮಿನಲ್ಲೇ ಉಳಿಯುವವರನ್ನು ನೋಡಿದರೆ ನನಗೆ ಆತಂಕವಾಗುತ್ತದೆ. ಬ್ಯಾಕ್ ಇಬ್ಬರಿಗೂ ಇದೆ. ಮನಸ್ಸು ಬಿಚ್ಚಿ ಮಾತಾಡಲು ಒಬ್ಬರಿದ್ದಾರೆಯೇ ಎಂಬುದರಲ್ಲೇ ವ್ಯತ್ಯಾಸವಿದೆ.

ಆ ಒಬ್ಬರು ಇರಲೆಂದೇ ಕಾಲೇಜುಗಳು ಪ್ರತಿ ಗುಂಪಿಗೊಬ್ಬ ಪ್ರಾಕ್ಟರ್ ನೇಮಿಸಿವೆ. ಆದರೆ ಭೇಟಿಯಲ್ಲಿ ನಡೆಯುವುದೇನು? ಹಾಜರಾತಿ ಎಷ್ಟು, ಇಂಟರ್ನಲ್ಸ್ ಎಷ್ಟು, ಬ್ಯಾಕ್ ಎಷ್ಟು ಎಂಬ ಪ್ರಶ್ನೆಗಳು, ಪುಸ್ತಕದಲ್ಲೊಂದು ಸಹಿ. ಹಿಂದೆ ಸಾಲಿನಲ್ಲಿ ಹತ್ತು ಮಂದಿ ನಿಂತಿರುವಾಗ ಯಾರು ತಾನೇ ದುಃಖ ಹೇಳಿಕೊಂಡಾರು? ಮೇಷ್ಟ್ರುಗಳನ್ನು ದೂರಿ ಫಲವಿಲ್ಲ. ಪಾಠ, ಮೌಲ್ಯಮಾಪನ, ಕಡತಗಳ ನಡುವೆ ಅವರಿಗೆ ಸಮಯವೂ ಇಲ್ಲ, ತರಬೇತಿಯೂ ಇಲ್ಲ. ನೂರು ಮತ್ತು ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ಕನಿಷ್ಠ ಒಬ್ಬ ಅರ್ಹ ಆಪ್ತಸಮಾಲೋಚಕರು ಇರಬೇಕು, ಸಿಬ್ಬಂದಿಗೆ ವರ್ಷಕ್ಕೆ ಎರಡು ಬಾರಿ ತರಬೇತಿ ಕೊಡಬೇಕು ಎಂದು ಅದೇ ತೀರ್ಪು ಹೇಳಿದೆ. ಇದು ನೋಟಿಸ್ ಬೋರ್ಡಿನ ಹಾಳೆಯಾಗಿ ಉಳಿಯಬಾರದು. ಸಮಾಲೋಚಕರ ಕೊಠಡಿಗೆ ಹೋದವನ ಹೆಸರು ಇಡೀ ಡಿಪಾರ್ಟ್‌ಮೆಂಟಿಗೆ ಹಬ್ಬುವಂತೆಯೂ ಇರಬಾರದು.

ಗೆಳೆಯರಾದ ನಮಗೂ ಕೆಲಸವಿದೆ. ನಿದ್ದೆ, ಊಟ ಕೆಟ್ಟವರು, ‘ನಾನಿಲ್ಲದಿದ್ದರೆ ಎಲ್ಲರಿಗೂ ನೆಮ್ಮದಿ’ ಎನ್ನುವವರು, ಇಷ್ಟದ ವಸ್ತುಗಳನ್ನು ಹಂಚಿಬಿಡುವವರು ಕಂಡರೆ ತಮಾಷೆ ಎಂದುಕೊಳ್ಳದೆ ಪಕ್ಕದಲ್ಲಿ ಕುಳಿತು ಕೇಳೋಣ. ‘ಸಾಯಬೇಕು ಅನ್ನಿಸ್ತಿದೆಯಾ?’ ಎಂದು ನೇರವಾಗಿ ಕೇಳಿದರೆ ಆ ಯೋಚನೆ ತಲೆಗೆ ತುಂಬಿದಂತಾಗುತ್ತದೆ ಎಂಬುದು ತಪ್ಪು ಕಲ್ಪನೆ. ಕೇಳಿದರೆ ಭಾರ ಇಳಿಯುತ್ತದೆ, ಸಹಾಯಕ್ಕೆ ದಾರಿಯಾಗುತ್ತದೆ ಎನ್ನುತ್ತಾರೆ ತಜ್ಞರು. ಹೌದು ಎಂದರೆ ಅವರನ್ನು ಒಂಟಿಯಾಗಿ ಬಿಡಬಾರದು. ಗುಟ್ಟು ಕಾಪಾಡುವುದಕ್ಕಿಂತ ಜೀವ ಉಳಿಸುವುದು ದೊಡ್ಡದು. ತಕ್ಷಣ ಮನೆಯವರಿಗೋ ವಾರ್ಡನ್‌ಗೋ ವೈದ್ಯರಿಗೋ ತಿಳಿಸಬೇಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಉಚಿತ. ಹಗಲಿರುಳೂ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಬ್ಯಾಕ್ ಆದ ವಿಷಯವನ್ನು ಮುಂದಿನ ಸೆಮಿಸ್ಟರ್‌ನಲ್ಲಿ ಬರೆದು ಪಾಸಾಗಬಹುದು. ಹೋದ ಜೀವಕ್ಕೆ ಮರುಪರೀಕ್ಷೆ ಇಲ್ಲ. ಹಾಗಾಗಿ ಪ್ರಾಕ್ಟರ್ ಪುಸ್ತಕ ತೆರೆಯುವ ಮುನ್ನ ಮೊದಲ ಪ್ರಶ್ನೆ ‘ಹೇಗಿದ್ದೀಯಪ್ಪಾ, ಹೇಗಿದ್ದೀಯಮ್ಮಾ?’ ಎಂದಿರಲಿ. ಉತ್ತರ ಕೇಳುವಷ್ಟು ಹೊತ್ತೂ ಇರಲಿ.