ಸೈಕಲ್ ತುಳಿಯುವವನಿಗೆ ನಡೆಯಲಾಗದೇ?



ನಾನು ಡಾಕ್ಟರನಲ್ಲ. ಎಸ್.ಎಸ್.ಎಲ್.ಸಿ. ತನಕ ಓದಿ, ಭಾನುವಾರ ಮಕ್ಕಳಿಗೆ ಜ್ಞಾನೋಪದೇಶ ಕಲಿಸುತ್ತ, ಬಿಡುವಾದಾಗ ಯೂನಿಯನ್ನಿನ ಕಾಗದಪತ್ರ ನೋಡಿಕೊಳ್ಳುವವನು. ಆದರೂ ಬೆನ್ನುಮೂಳೆಯ ವಿಷಯದಲ್ಲಿ ನಾಲ್ಕು ಮಾತು ಬರೆಯಲು ಹೊರಟಿದ್ದೇನೆ. ಏಕೆಂದರೆ ಅದನ್ನು ತಿಳಿಯದೆ ನಾವು ಒಬ್ಬ ಹಿರಿಯರಿಗೆ ಅನ್ಯಾಯ ಮಾಡಿದೆವು.

ಕಾಸರಗೋಡು ಸೀಮೆಯ ನಮ್ಮ ಪೇಟೆಯಲ್ಲಿ ಲಾರಿಯಿಂದ ಮೂಟೆ ಇಳಿಸುವ ತಂಡದಲ್ಲಿ ಅವರು ಮೂವತ್ತು ವರ್ಷ ದುಡಿದವರು. ವಯಸ್ಸು ಅರವತ್ತರ ಹತ್ತಿರ. ನಾವೆಲ್ಲ ಅವರನ್ನು ದೊಡ್ಡಣ್ಣ ಎನ್ನುತ್ತಿದ್ದೆವು. ಎರಡು ವರ್ಷಗಳಿಂದ ಅವರ ನಡಿಗೆ ಬದಲಾಗುತ್ತ ಬಂದಿತ್ತು. ಸೊಂಟ ಒಂದು ಬದಿಗೆ ವಾಲಿತ್ತು, ಮೈ ಮುಂದಕ್ಕೆ ಬಾಗಿತ್ತು, ಹೆಜ್ಜೆ ಚಿಕ್ಕದಾಗಿತ್ತು. ನೂರು ಹೆಜ್ಜೆ ನಡೆದರೆ ನಿಲ್ಲುವರು. ಅಂಗಡಿಯ ಜಗಲಿಯಲ್ಲಿ ಐದು ನಿಮಿಷ ಕೂತು ಏಳುವರು. ಮತ್ತೆ ನೂರು ಹೆಜ್ಜೆ. ಕೂಲಿಯನ್ನು ಎಲ್ಲರಿಗೂ ಸಮನಾಗಿ ಹಂಚುವುದರಿಂದ ತಂಡದಲ್ಲಿ ಗೊಣಗಾಟ ಶುರುವಾಯಿತು.

ಆದರೆ ನಿಜವಾದ ಸಿಟ್ಟು ಬಂದದ್ದು ಸೈಕಲಿನ ವಿಷಯಕ್ಕೆ. ಮನೆಯಿಂದ ಪೇಟೆಗೆ ನಾಲ್ಕು ಕಿಲೋಮೀಟರ್ ದಾರಿಯನ್ನು ಅವರು ಸೈಕಲ್ ತುಳಿದು ನಿರಾಯಾಸವಾಗಿ ಬರುತ್ತಿದ್ದರು. "ಸೈಕಲಿಗೆ ಕಾಲಿದೆ, ಮೂಟೆಗೆ ಮಾತ್ರ ಕಾಲಿಲ್ಲ" ಎಂದ ಒಬ್ಬ. ಎಲ್ಲರೂ ನಕ್ಕರು. ನಾನೂ ನಕ್ಕೆ. ಅವರ ಸರದಿ ತಪ್ಪಿಸುವುದೆಂದು ತೀರ್ಮಾನವಾದಾಗ ಅದನ್ನು ಪುಸ್ತಕದಲ್ಲಿ ಬರೆದದ್ದು ನನ್ನ ಕೈ.

ಮೂರು ತಿಂಗಳ ಮೇಲೆ ಅವರ ಮಗಳು ಬಂದು ಆಸ್ಪತ್ರೆಗೆ ಜೊತೆಗೆ ಬರಬೇಕೆಂದು ಕೇಳಿಕೊಂಡಳು. ಹೋದೆ. ಡಾಕ್ಟರು ಕೇಳಿದ ಮೊದಲ ಪ್ರಶ್ನೆಗಳಲ್ಲೊಂದು: "ನಡೆದರೆ ಕಾಲು ಜೋಮು ಹಿಡಿಯುತ್ತದೆ, ಆದರೆ ಸೈಕಲ್ ತುಳಿಯಲು ಅಷ್ಟು ಕಷ್ಟವಿಲ್ಲ, ಅಲ್ಲವೇ?" ನಾನು ತಲೆ ತಗ್ಗಿಸಿದೆ. ನಾವು ಕಳ್ಳತನದ ಗುರುತೆಂದು ಹಿಡಿದದ್ದೇ ಅಲ್ಲಿ ರೋಗದ ಗುರುತಾಗಿತ್ತು.

ಎಕ್ಸ್‌ರೇ ಹಿಡಿದು ಅವರು ವಿವರಿಸಿದ್ದನ್ನು ನನಗೆ ತಿಳಿದಷ್ಟು ಹೇಳುತ್ತೇನೆ. ಬೆನ್ನುಮೂಳೆ ಒಂದೇ ಕೋಲಲ್ಲ. ಒಂದರ ಮೇಲೊಂದು ಕೂತ ಮಣಿಗಳ ಸಾಲು. ನಡುವೆ ಮೆತ್ತೆಗಳಿವೆ, ಹಿಂಬದಿಯ ನಾಳದಲ್ಲಿ ನರಗಳು ಇಳಿಯುತ್ತವೆ. ಪಕ್ಕದಿಂದ ನೋಡಿದರೆ ಕುತ್ತಿಗೆ, ಎದೆ, ಸೊಂಟಗಳಲ್ಲಿ ಅದಕ್ಕೆ ಸಹಜವಾದ ಬಾಗುಗಳಿವೆ. ಹಿಂದಿನಿಂದ ನೋಡಿದರೆ ನೇರವಾಗಿರಬೇಕು. ವಯಸ್ಸಾದಂತೆ ಮೆತ್ತೆಗಳು ಸವೆಯುತ್ತವೆ. ಒಂದು ಬದಿ ಹೆಚ್ಚು ಸವೆದರೆ ಸಾಲು ಆ ಕಡೆ ವಾಲುತ್ತದೆ. ಕೀಲುಗಳು ದಪ್ಪವಾಗಿ ನರದ ನಾಳ ಕಿರಿದಾಗುತ್ತದೆ. ನೆಟ್ಟಗೆ ನಿಂತು ನಡೆದಾಗ ಅದು ಇನ್ನಷ್ಟು ಬಿಗಿಯಾಗಿ ಕಾಲು ಭಾರವಾಗುತ್ತದೆ. ಕೂತರೆ ಅಥವಾ ಮುಂದಕ್ಕೆ ಬಾಗಿದರೆ ತುಸು ಸಡಿಲವಾಗುತ್ತದೆ. ಸೈಕಲಿನ ಮೇಲೆ ಮೈ ಮುಂದಕ್ಕೆ ಬಾಗಿಯೇ ಇರುವುದರಿಂದ ಅವರಿಗೆ ಅದು ಹಗುರ!

ಬೆನ್ನು ಮುಂದಕ್ಕೆ ಗೂನಾದವರ ನಡಿಗೆ ಬೇರೆ ಬಗೆ. ಮೈಭಾರ ಪಾದಗಳ ಮುಂದಕ್ಕೆ ಸರಿಯುವುದರಿಂದ, ಬೀಳದಿರಲು ಅವರು ಮೊಣಕಾಲು ಮಡಿಸಿ ಚಿಕ್ಕ ಹೆಜ್ಜೆ ಇಡುತ್ತಾರೆ. ಬೆನ್ನು ಪಕ್ಕಕ್ಕೆ ತಿರುಚಿದ್ದರೆ ಒಂದು ಭುಜ ಏರಿ, ಸೊಂಟದ ಒಂದು ಬದಿ ಎದ್ದು ಕಾಣುತ್ತದೆ, ಕೈಬೀಸು ಎರಡು ಬದಿಗೆ ಸಮವಿರುವುದಿಲ್ಲ. ಬಾಗು ಹೆಚ್ಚಿದ್ದರೆ ಬೆನ್ನಿನ ಸ್ನಾಯುಗಳಿಗೆ ಬಿಡುವು ಕಡಿಮೆಯಾಗಿ, ನಮಗೆ ಸಲೀಸಾದ ದೂರ ಅವರಿಗೆ ದಣಿವು ತರುತ್ತದೆ.

ಇಲ್ಲಿ ಒಂದು ಮಾತನ್ನು ಪ್ರಾಮಾಣಿಕವಾಗಿ ಹೇಳಬೇಕು. ಎಲ್ಲ ಡೊಂಕು ಬೆನ್ನಿಗೂ ಹೊರೆಯೇ ಕಾರಣ ಎಂದು ಸಭೆಯಲ್ಲಿ ಕೂಗಿದರೆ ಚಪ್ಪಾಳೆ ಸಿಗಬಹುದು, ಆದರೆ ಅದು ಸತ್ಯವಲ್ಲ. ಹತ್ತರಿಂದ ಹದಿನೈದು ವರ್ಷದ ಮಕ್ಕಳಲ್ಲಿ, ಅದರಲ್ಲೂ ಹುಡುಗಿಯರಲ್ಲಿ, ಬೆನ್ನು ಪಕ್ಕಕ್ಕೆ ಬಾಗುವುದಕ್ಕೆ ಬಹುಪಾಲು ಇಂಥದೇ ಕಾರಣವೆಂದು ಹೇಳಲಾಗುವುದಿಲ್ಲ. ಶಾಲೆಯ ಚೀಲದಿಂದಲೂ ಅಲ್ಲ, ತಾಯಿಯ ಪಾಪದಿಂದಲೂ ಅಲ್ಲ. ಮಗು ಪಾದ ಜೋಡಿಸಿ ಮುಂದಕ್ಕೆ ಬಾಗಿದಾಗ ಬೆನ್ನಿನ ಒಂದು ಬದಿ ಎತ್ತರವಾಗಿ ಕಂಡರೆ ಮೂಳೆ ಡಾಕ್ಟರಿಗೆ ತೋರಿಸಿರಿ. ಬೆಳೆಯುವ ವಯಸ್ಸಿನಲ್ಲಿ ಹಿಡಿದರೆ ಬ್ರೇಸ್ ಕಟ್ಟಿ ಬಾಗು ಹೆಚ್ಚದಂತೆ ತಡೆಯುವ ಅವಕಾಶವುಂಟು. ಇನ್ನು ಕೆಲವು ಗೂನುಗಳು ಕ್ಷಯದಿಂದ ಬರುತ್ತವೆ. ವಾರಗಟ್ಟಲೆ ಬಿಡದ ಬೆನ್ನುನೋವು, ಸಂಜೆ ಜ್ವರ, ತೂಕ ಇಳಿಯುವುದು ಇವಿದ್ದರೆ ಕೆಮ್ಮಿಲ್ಲವೆಂದು ಸುಮ್ಮನಿರಬಾರದು. ಸರಕಾರಿ ಆಸ್ಪತ್ರೆಯಲ್ಲಿ ಕ್ಷಯದ ಔಷಧಿ ಉಚಿತ. ಕಾಲಿನ ಬಲ ಕುಂದಿದರೆ ಅಥವಾ ಮೂತ್ರದ ಹಿಡಿತ ತಪ್ಪಿದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಹಾಗೆಂದು ಹೊರೆ ನಿರಪರಾಧಿಯಲ್ಲ. ವರ್ಷಗಟ್ಟಲೆ ಭಾರ ಎತ್ತಿ ಬಾಗುವ ದುಡಿಮೆ ಸೊಂಟನೋವಿಗೆ ಕಾರಣವಾಗುತ್ತದೆ, ಸವೆದ ಬೆನ್ನನ್ನು ಇನ್ನಷ್ಟು ಹಣ್ಣು ಮಾಡುತ್ತದೆ. ನಮ್ಮ ದೇಶದಲ್ಲಿ ಹೊರೆ ಹೊರುವ ಪ್ರಾಣಿಗಳಿಗೆ 1965ರಲ್ಲೇ ನಿಯಮ ಬಂತು. ಕತ್ತೆಯ ಬೆನ್ನಿಗೆ 50 ಕಿಲೋ ಮಿತಿ. ಗಂಡಾಳು ಕೈಯಾರೆ ಸಾಗಿಸುವ ಭಾರ 55 ಕಿಲೋ ಮೀರದಂತೆ ನೋಡಿಕೊಳ್ಳಬೇಕೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1967ರಲ್ಲಿ ಶಿಫಾರಸು ಮಾಡಿತು. ನಮ್ಮ ತಲೆಯ ಮೇಲಿನ ಒಂದು ಸಿಮೆಂಟ್ ಚೀಲ 50 ಕಿಲೋ. ಕತ್ತೆಯ ಹೊರೆಯನ್ನು ಎರಡು ಕಾಲಿನಲ್ಲಿ ಹೊರುತ್ತಿದ್ದೇವೆ. ಕೇರಳದಲ್ಲಿ 1978ರ ತಲೆಹೊರೆ ಕಾರ್ಮಿಕರ ಕಾಯಿದೆ ಬಂದ ಮೇಲೆ ಕೂಲಿಯ ಬಗ್ಗೆ, ಕ್ಷೇಮನಿಧಿಯ ಬಗ್ಗೆ ಮಾತಾಡಲು ಕಲಿತೆವು. ಬೆನ್ನಿನ ಬಗ್ಗೆ ಮಾತಾಡಲು ಮಾತ್ರ ಇನ್ನೂ ಕಲಿತಿಲ್ಲ.

ಸಂತ ಲೂಕರ ಶುಭಸಂದೇಶದ 13ನೆಯ ಅಧ್ಯಾಯದಲ್ಲಿ ಹದಿನೆಂಟು ವರ್ಷ ಬೆನ್ನು ಬಾಗಿ ನೆಟ್ಟಗೆ ನಿಲ್ಲಲಾಗದಿದ್ದ ಒಬ್ಬ ಹೆಂಗಸಿನ ಕಥೆಯಿದೆ. ಆಕೆ ಏನನ್ನೂ ಕೇಳಿಕೊಳ್ಳುವುದಿಲ್ಲ. ಪ್ರಭುವೇ ನೋಡಿ ಹತ್ತಿರ ಕರೆಯುತ್ತಾನೆ. ಸಬ್ಬತ್ ದಿನವೆಂದು ಸಭಾಮಂದಿರದ ಅಧಿಕಾರಿ ಸಿಡುಕಿದಾಗ, ಅದೇ ದಿನ ಎತ್ತು ಕತ್ತೆಗಳನ್ನು ಬಿಚ್ಚಿ ನೀರಿಗೆ ಒಯ್ಯುವುದಿಲ್ಲವೇ ಎಂದು ಕೇಳುತ್ತಾನೆ. ಮಕ್ಕಳಿಗೆ ಈ ಪಾಠವನ್ನು ಎಷ್ಟೋ ಸಲ ಹೇಳಿದ್ದೇನೆ. ಆದರೆ ತಂಡದ ಸಭೆಯಲ್ಲಿ ಪುಸ್ತಕ ಹಿಡಿದು ಕೂತಾಗ ನಾನು ಆ ಅಧಿಕಾರಿಯ ಪಕ್ಕದಲ್ಲಿ ಕೂತಿದ್ದೆ.

ಆದುದರಿಂದ ನನ್ನ ಅಭಿಪ್ರಾಯವಿಷ್ಟು. ಡಾಕ್ಟರ ಚೀಟಿ ನೋಡದೆ ಯಾವ ತಂಡವೂ ಯಾರ ಸರದಿಯನ್ನೂ ತಪ್ಪಿಸಬಾರದು. ನಡಿಗೆ ಕೆಟ್ಟವರಿಗೆ ಲೆಕ್ಕ ಬರೆಯುವ, ಸರಕು ಎಣಿಸುವ ಕೆಲಸ ಮೊದಲು ಸಿಗಬೇಕು. ಚೀಲದ ತೂಕ ಇಳಿಸುವ ಬೇಡಿಕೆ ಕೂಲಿಯ ಬೇಡಿಕೆಯ ಜೊತೆಯಲ್ಲೇ ಕಾಗದಕ್ಕೆ ಬರಬೇಕು. ಚರ್ಚಿನಲ್ಲಿ, ಪೇಟೆಯಲ್ಲಿ ಯಾರಾದರೂ ವಾಲಿ ನಡೆದರೆ ಅಣಕಿಸುವ ಮೊದಲು "ಎಲ್ಲಿ ನೋವು, ಅಣ್ಣಾ?" ಎಂದು ಕೇಳೋಣ.

ದೊಡ್ಡಣ್ಣನ ಮೇಲಿನ ತೀರ್ಮಾನವನ್ನು ನಾವು ಹಿಂತೆಗೆದುಕೊಂಡೆವು. ಈಗ ಅವರು ಚೀಲಗಳ ಲೆಕ್ಕ ಬರೆಯುತ್ತಾರೆ. ಸೈಕಲಿನಲ್ಲೇ ಬರುತ್ತಾರೆ. ಸರದಿಯಿಲ್ಲದ ಆ ಮೂರು ತಿಂಗಳು ಅವರ ಮನೆ ಹೇಗೆ ನಡೆಯಿತೆಂದು ಕೇಳುವ ಧೈರ್ಯ ನನಗೆ ಇನ್ನೂ ಬಂದಿಲ್ಲ.