ಕಳ್ಳನ ದಂಡ ಡ್ರೈವರನಿಗೇಕೆ?

ಹೆದ್ದಾರಿ ಬದಿ ನಿಂತ ಲಾರಿಯ ತಾಡಪತ್ರಿ ಕೊಯ್ದು ಮಾಲು ಒಯ್ದರೆ, ಟ್ಯಾಂಕಿನ ಡೀಸೆಲ್ ಕದ್ದರೆ, ಅನೇಕ ಮಾಲೀಕರು ಹಿಡಿಯುವುದು ಕಳ್ಳನನ್ನಲ್ಲ, ಡ್ರೈವರನ ಸಂಬಳವನ್ನು! ಹಗಲೆಲ್ಲ ಗಾಡಿ ಓಡಿಸಿದವನು ರಾತ್ರಿಯೆಲ್ಲ ಪಹರೆಯನ್ನೂ ಕಾಯಬೇಕೆ? ರಾತ್ರಿ ತಂಗುವೆಡೆ ವಿಶ್ರಾಂತಿ ಕೊಠಡಿ ಒದಗಿಸುವುದು ಮಾಲೀಕನ ಹೊಣೆಯೆಂದು 1961ರ ಮೋಟಾರು ಸಾರಿಗೆ ಕೆಲಸಗಾರರ ಕಾಯಿದೆಯೇ ಹೇಳಿತ್ತು. ಆ ಕೊಠಡಿಯನ್ನು ಕಂಡ ಡ್ರೈವರುಗಳೆಷ್ಟು?

ಡೀಸೆಲ್ ಟ್ಯಾಂಕಿಗೆ, ಬ್ಯಾಟರಿ ಪೆಟ್ಟಿಗೆಗೆ ಬೀಗ ಬೇಕು. ಜಾಡು ತೋರುವ ಜಿಪಿಎಸ್ ಬೇಕು. ಖರ್ಚು ಮಾಲೀಕರದು. ಆದರೆ ಕತ್ತಲಲ್ಲಿ ನಿಂತ ಒಂಟಿ ಲಾರಿಗೆ ಬೀಗವೊಂದೇ ಸಾಲದು. ದೀಪ, ಬೇಲಿ, ಕಾವಲುಗಾರರಿರುವ ಲಾರಿ ನಿಲ್ದಾಣಗಳನ್ನು ಸರ್ಕಾರ ಹೆದ್ದಾರಿಯುದ್ದಕ್ಕೂ ಕಟ್ಟಲೇಬೇಕೆಂದು ನಾವು ಒತ್ತಾಯಿಸುತ್ತೇವೆ.

ವ್ಯಾಪಾರಿ ಬಂಧುಗಳೇ, ಕಳುವಾಗುವುದು ನಿಮ್ಮ ಮೂಟೆ. ಮಿಲ್ಲಿನ ಸಂಗಾತಿಗಳೇ, ಕಡಿತವಾಗುವುದು ನಿಮ್ಮಂತೆಯೇ ದುಡಿಯುವವನ ಕೂಲಿ. ಇಬ್ಬರೂ ಕೂಡಿ ದನಿಯೆತ್ತಿ!